ಆಕಾಶದ ಬೇಲಿಗಳು ಮತ್ತು ಪ್ರಯಾಣಿಕನ ಗಂಟೆಗಳು

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿ ಮತ್ತು ಜಪಾನಿನ ರಾಜಧಾನಿ ಟೋಕಿಯೋ ನಡುವಿನ ನೇರ ಅಂತರ ಸುಮಾರು 7,800 ಕಿ.ಮೀ. ಇದರಲ್ಲಿ ಒಂದು ಕಿ.ಮೀ.ಯನ್ನು ಕೂಡಿಸುವ ಅಥವಾ ಕಳೆಯುವ ಶಕ್ತಿ ಯಾವ ಸರಕಾರಕ್ಕೂ ಇಲ್ಲ. ಭೂಮಿಯ ಮೇಲೆ ಆ ನಗರಗಳು ಎಲ್ಲಿವೆಯೋ ಅಲ್ಲಿಯೇ ಇವೆ. ಆದರೆ ಅವುಗಳ ನಡುವಿನ ವಿಮಾನ ಪ್ರಯಾಣದ ಅವಧಿಯ ಕತೆಯೇ ಬೇರೆ. 1983ರಲ್ಲಿ ಫಿನ್‌ಏರ್ ಸಂಸ್ಥೆಯು ಹೆಲ್ಸಿಂಕಿಯಿಂದ ಟೋಕಿಯೋಗೆ ತಡೆರಹಿತ ವಿಮಾನ ಆರಂಭಿಸಿದಾಗ ಆ ಪ್ರಯಾಣಕ್ಕೆ ಸುಮಾರು 13 ಗಂಟೆ ಬೇಕಾಗುತ್ತಿತ್ತು. ಸೋವಿಯತ್ ಒಕ್ಕೂಟದ ಆಕಾಶವು ಮುಚ್ಚಿದ್ದ ಕಾರಣ ವಿಮಾನವು ಉತ್ತರ ಧ್ರುವವನ್ನು ಬಳಸಿ, ಅಲಾಸ್ಕದ ಸಮೀಪ ತಿರುಗಿ ಜಪಾನನ್ನು ತಲುಪಬೇಕಿತ್ತು. ಶೀತಲ ಸಮರ ಮುಗಿದು ಸೈಬೀರಿಯದ ಮೇಲಿನ ದಾರಿ ತೆರೆದಾಗ ಅದೇ ಪ್ರಯಾಣ ಒಂಬತ್ತೂವರೆ ಗಂಟೆಗೆ ಇಳಿಯಿತು. 2022ರ ಫೆಬ್ರವರಿಯಲ್ಲಿ ರಷ್ಯವು ಯುಕ್ರೇನಿನ ಮೇಲೆ ಆಕ್ರಮಣ ನಡೆಸಿತು. ಐರೋಪ್ಯ ರಾಷ್ಟ್ರಗಳು ರಷ್ಯದ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದುವು, ರಷ್ಯವೂ ಅವರಿಗೆ ತನ್ನ ಆಕಾಶವನ್ನು ಮುಚ್ಚಿತು. ಮರುತಿಂಗಳು ಟೋಕಿಯೋ ವಿಮಾನ ಮತ್ತೆ ಹೊರಟಾಗ ಪ್ರಯಾಣದ ಅವಧಿ ಪುನಃ 13 ಗಂಟೆಯಾಗಿತ್ತು. ಧ್ರುವ ದಾಟಿದ ನೆನಪಿಗಾಗಿ 1980ರ ದಶಕದಲ್ಲಿ ಪ್ರಯಾಣಿಕರಿಗೆ ಕೊಡುತ್ತಿದ್ದ ಪ್ರಮಾಣಪತ್ರವೂ ಮರಳಿ ಬಂತು.

ಸುಮಾರು ನಲ್ವತ್ತು ವರ್ಷಗಳಲ್ಲಿ ವಿಮಾನಗಳು ಎಷ್ಟೋ ಸುಧಾರಿಸಿದುವು. ಇಂಜಿನ್‌ಗಳು ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಹಾರತೊಡಗಿದುವು. ಉಪಗ್ರಹಗಳು ದಾರಿ ತೋರಿಸತೊಡಗಿದುವು. ಇಷ್ಟೆಲ್ಲ ಪ್ರಗತಿಯ ಬಳಿಕವೂ ಪ್ರಯಾಣಿಕನು ಹೊರಟಲ್ಲಿಗೇ ಬಂದು ನಿಂತನು. ವಿಜ್ಞಾನವು ದಶಕಗಳ ದುಡಿಮೆಯಿಂದ ಉಳಿಸಿಕೊಟ್ಟ ಗಂಟೆಗಳನ್ನು ರಾಜಕೀಯವು ಒಂದೇ ವಾರದಲ್ಲಿ ಕಸಿದುಕೊಳ್ಳಬಲ್ಲುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹೆಲ್ಸಿಂಕಿ ಮತ್ತು ಟೋಕಿಯೋ ನಮಗೆ ದೂರದ ಊರುಗಳು. ಆದರೆ ಈ ಪ್ರಶ್ನೆ ನಮಗೆ ದೂರದ್ದಲ್ಲ. ನಮ್ಮ ಪಟ್ಟಣಗಳ ಎಷ್ಟೋ ಮನೆಗಳಲ್ಲಿ ಒಬ್ಬ ಮಗನಾದರೂ ದುಬೈಯಲ್ಲೋ ದೋಹಾದಲ್ಲೋ ರಿಯಾದಿನಲ್ಲೋ ದುಡಿಯುತ್ತಿದ್ದಾನೆ. ಮಂಗಳೂರಿನಿಂದ ದುಬೈಗೆ ನೇರ ಅಂತರ ಸುಮಾರು 2,450 ಕಿ.ಮೀ. ವಿಮಾನದಲ್ಲಿ ಮೂರೂವರೆ ಗಂಟೆ. ಮಂಗಳೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವವನು ಘಾಟಿ ಹತ್ತಿ ತಲುಪುವಷ್ಟರಲ್ಲಿ ದುಬೈಗೆ ಹೋದವನು ಕೋಣೆ ಸೇರಿ ಊಟ ಮುಗಿಸಿರುತ್ತಾನೆ. ಒಂದು ಕಾಲದಲ್ಲಿ ಮುಂಬೈಯಿಂದ ಜಿದ್ದಾಕ್ಕೆ ಹಜ್ಜ್ ಯಾತ್ರಿಕರು ಹಡಗಿನಲ್ಲಿ ದಿನಗಟ್ಟಲೆ ಸಾಗುತ್ತಿದ್ದರು. 1995ರಲ್ಲಿ ಆ ಹಡಗು ನಿಂತಿತು. ಈಗ ಅದೇ ದೂರ ಐದು ಗಂಟೆಯ ಆಸುಪಾಸಿನ ಪ್ರಯಾಣ. ವಿಮಾನವು ನಮ್ಮ ಸಮುದಾಯದ ಬದುಕನ್ನೇ ಬದಲಿಸಿತು ಎಂಬುದರಲ್ಲಿ ಎರಡು ಮಾತಿಲ್ಲ. ದೂರದಲ್ಲಿದ್ದರೂ ಬೇಕಾದಾಗ ಬಂದು ತಲುಪಬಹುದು ಎಂಬ ಭರವಸೆಯ ಮೇಲೆಯೇ ನಾವು ಮಕ್ಕಳನ್ನು ಕಡಲಾಚೆಗೆ ಕಳುಹಿಸಿದ್ದೇವೆ. ಆದ್ದರಿಂದ ಆ ಭರವಸೆಯ ಕೀಲಿಕೈ ಯಾರ ಬಳಿ ಇದೆ ಎಂದು ವಿಚಾರಿಸುವುದು ನಮ್ಮ ಹಕ್ಕೂ ಹೌದು, ಹೊಣೆಯೂ ಹೌದು.

ದೂರದ ಲೆಕ್ಕ

ಗೋಡೆಯ ಮೇಲೆ ತೂಗುಹಾಕಿದ ಭೂಪಟದಲ್ಲಿ ಎರಡು ನಗರಗಳ ನಡುವೆ ಗೆರೆ ಎಳೆದರೆ ಅದು ವಿಮಾನದ ದಾರಿಯಾಗುವುದಿಲ್ಲ. ಭೂಮಿ ಗೋಳ, ಭೂಪಟ ಚಪ್ಪಟೆ. ಗೋಳದ ಮೇಲೆ ಎರಡು ಸ್ಥಳಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿದರೆ ಅತ್ಯಂತ ಸಮೀಪದ ದಾರಿ ಯಾವುದೆಂದು ತಿಳಿಯುತ್ತದೆ. ಬೆಂಗಳೂರು ಮತ್ತು ಅಮೇರಿಕದ ಸಾನ್ ಫ್ರಾನ್ಸಿಸ್ಕೋ ನಗರಗಳು ಭೂಗೋಳದ ಸರಿಸುಮಾರು ಎದುರುಬದುರು ಬದಿಗಳಲ್ಲಿವೆ. ಅವುಗಳ ನಡುವಿನ ನೇರ ಅಂತರ 14,000 ಕಿ.ಮೀ.ಗೆ ತೀರಾ ಸಮೀಪ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡವೊಂದು ಸಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿನಿಂದ ಹಾರಿ ಸುಮಾರು 17 ಗಂಟೆಗಳಲ್ಲಿ ಬೆಂಗಳೂರಿಗೆ ಬಂದಿಳಿದಾಗ ಎಲ್ಲರೂ ಬೆರಗಾದರು. ದಕ್ಷಿಣ ಭಾರತಕ್ಕೆ ಬರುವವರು ಧ್ರುವಕ್ಕೇಕೆ ಹೋದರು ಎಂದು ಕೇಳಿದವರೂ ಇದ್ದರು. ಗೋಳದ ಮೇಲೆ ದಾರ ಹಿಡಿದು ನೋಡಿದವರಿಗೆ ಉತ್ತರ ತಾನೇ ಸಿಗುತ್ತದೆ.

ಈ ಲೆಕ್ಕಕ್ಕೆ ಗಾಳಿಯನ್ನೂ ಸೇರಿಸಬೇಕು. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಿರುಸಾದ ಗಾಳಿಯ ಪ್ರವಾಹಗಳಿವೆ. ಆದ್ದರಿಂದಲೇ ನ್ಯೂಯಾರ್ಕಿನಿಂದ ಲಂಡನಿಗೆ ಬರುವ ವಿಮಾನವು ಲಂಡನಿನಿಂದ ನ್ಯೂಯಾರ್ಕಿಗೆ ಹೋಗುವ ವಿಮಾನಕ್ಕಿಂತ ಸುಮಾರು ಒಂದು ಗಂಟೆ ಬೇಗ ತಲುಪುತ್ತದೆ. ಭೂಮಿಯ ಆಕಾರ, ಗಾಳಿಯ ವೇಗ, ವಿಮಾನದ ಸಾಮರ್ಥ್ಯ ಇವು ಮೂರೇ ಆಗಿದ್ದರೆ ಯಾರಿಗೂ ದೂರು ಇರುತ್ತಿರಲಿಲ್ಲ. ನಾಲ್ಕನೆಯದು ಅನುಮತಿ. ಸಮಸ್ಯೆ ಇರುವುದು ಅಲ್ಲಿ.

1944ರ ಡಿಸೆಂಬರ್ 7ರಂದು ಚಿಕಾಗೋದಲ್ಲಿ ಸಹಿಯಾದ ಅಂತಾರಾಷ್ಟ್ರೀಯ ಒಪ್ಪಂದದ ಮೊದಲ ವಿಧಿಯೇ ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ಣ ಸಾರ್ವಭೌಮತ್ವವನ್ನು ನೀಡುತ್ತದೆ. ಇದರ ಜೊತೆಗೆ, ಪರಸ್ಪರರ ವಿಮಾನಗಳು ಇಳಿಯದೆ ಮೇಲಿನಿಂದ ಹಾದುಹೋಗಲು ಅವಕಾಶ ಕೊಡುವ ಇನ್ನೊಂದು ಒಪ್ಪಂದವನ್ನೂ ಅಂದೇ ರೂಪಿಸಲಾಯಿತು. ಭಾರತ ಮತ್ತು ಪಾಕಿಸ್ತಾನ ಎರಡೂ ಅದಕ್ಕೆ ಸಹಿ ಹಾಕಿವೆ. ಜಗತ್ತಿನ ಅತ್ಯಂತ ವಿಶಾಲವಾದ ಆಕಾಶವನ್ನು ಹೊಂದಿರುವ ರಷ್ಯ ಅದಕ್ಕೆ ಸೇರಲಿಲ್ಲ. ಸೈಬೀರಿಯದ ಮೇಲೆ ಹಾರುವ ವಿದೇಶಿ ಸಂಸ್ಥೆಗಳಿಂದ ಅದು ದಶಕಗಳ ಕಾಲ ಪ್ರತ್ಯೇಕ ಹಣ ವಸೂಲು ಮಾಡಿತು. ಆಕಾಶವು ಆದಾಯದ ಮೂಲವೂ ಆಯಿತು, ಅಗತ್ಯ ಬಿದ್ದಾಗ ಆಯುಧವೂ ಆಯಿತು.

ನಮ್ಮ ಉಪಖಂಡದ ಅನುಭವ

ಆಕಾಶವನ್ನು ಆಯುಧವಾಗಿ ಬಳಸುವ ವಿದ್ಯೆ ನಮ್ಮ ಉಪಖಂಡಕ್ಕೆ ಹೊಸದಲ್ಲ. 1971ರ ಜನವರಿ 30ರಂದು 'ಗಂಗಾ' ಎಂಬ ಹೆಸರಿನ ಭಾರತೀಯ ವಿಮಾನವನ್ನು ಲಾಹೋರಿಗೆ ಅಪಹರಿಸಲಾಯಿತು. ಪ್ರಯಾಣಿಕರು ಪಾರಾದರು, ವಿಮಾನವನ್ನು ಸುಟ್ಟುಹಾಕಲಾಯಿತು. ಭಾರತವು ಪಾಕಿಸ್ತಾನದ ವಿಮಾನಗಳು ತನ್ನ ಮೇಲೆ ಹಾರುವುದನ್ನು ನಿಷೇಧಿಸಿತು. ಆಗ ಪಾಕಿಸ್ತಾನದ ಎರಡು ಭಾಗಗಳು ಭಾರತದ ಎರಡು ಬದಿಗಳಲ್ಲಿದ್ದುವು. ಕರಾಚಿ ಮತ್ತು ಢಾಕಾ ನಡುವಿನ ನೇರ ಅಂತರ ಸುಮಾರು 2,350 ಕಿ.ಮೀ. ನಿಷೇಧದ ಬಳಿಕ ವಿಮಾನಗಳು ಶ್ರೀಲಂಕಾದ ಮೂಲಕ ಇಡೀ ದಕ್ಷಿಣ ಭಾರತವನ್ನು ಸುತ್ತಿ ಹೋಗಬೇಕಾಯಿತು. ದೂರ ಸುಮಾರು ದುಪ್ಪಟ್ಟಾಯಿತು. ಒಂದೇ ದೇಶದ ಎರಡು ನಗರಗಳು ರಾತ್ರಿ ಬೆಳಗಾಗುವುದರಲ್ಲಿ ಪರಸ್ಪರ ಅಷ್ಟು ದೂರ ಸರಿದುವು. ಪಾಕಿಸ್ತಾನವು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ ದೂರು ಕೊಟ್ಟಿತು. ಆ ಸಂಸ್ಥೆಗೆ ವಿಚಾರಣೆಯ ಅಧಿಕಾರವೇ ಇಲ್ಲ ಎಂದು ಭಾರತ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಅಧಿಕಾರವಿದೆ ಎಂದು ನ್ಯಾಯಾಲಯವು 1972ರ ಆಗಸ್ಟಿನಲ್ಲಿ ತೀರ್ಪಿತ್ತಿತು. ಆದರೆ ಅಷ್ಟರಲ್ಲಿ ಢಾಕಾ ಬೇರೊಂದು ದೇಶದ ರಾಜಧಾನಿಯಾಗಿತ್ತು! ನ್ಯಾಯವು ನಡೆದುಕೊಂಡು ಬರುವಷ್ಟರಲ್ಲಿ ಇತಿಹಾಸ ವಿಮಾನ ಹತ್ತಿ ಹೋಗಿತ್ತು. ಭಾರತ ಮತ್ತು ಪಾಕಿಸ್ತಾನದ ನಡುವೆ ವಿಮಾನ ಸಂಪರ್ಕ ಪುನಃ ಆರಂಭವಾದದ್ದು 1976ರಲ್ಲಿ.

2019ರಲ್ಲಿ ಅದೇ ಅಧ್ಯಾಯ ಮರುಕಳಿಸಿತು. ಬಾಲಾಕೋಟ್ ದಾಳಿಯ ಮರುದಿನ, ಫೆಬ್ರವರಿ 27ರಂದು ಪಾಕಿಸ್ತಾನವು ತನ್ನ ಆಕಾಶವನ್ನು ಮುಚ್ಚಿತು. ಜುಲೈ 16ರ ವರೆಗೆ ಅದು ಪೂರ್ಣವಾಗಿ ತೆರೆಯಲಿಲ್ಲ. ದೆಹಲಿಯಿಂದ ಇಸ್ತಾಂಬುಲಿಗೆ ನೇರವಾಗಿ ಹೋಗಬೇಕಿದ್ದ ಇಂಡಿಗೋ ವಿಮಾನ ಇಂಧನಕ್ಕಾಗಿ ದೋಹಾದಲ್ಲಿ ಇಳಿಯಬೇಕಾಯಿತು. ಜುಲೈ 2ರ ವರೆಗೆ ಏರ್ ಇಂಡಿಯಾ ಒಂದಕ್ಕೇ 491 ಕೋಟಿ ರೂಪಾಯಿ ನಷ್ಟವಾಗಿದೆಯೆಂದು ಸರಕಾರವು ರಾಜ್ಯಸಭೆಯಲ್ಲಿ ತಿಳಿಸಿತು. ಪಾಕಿಸ್ತಾನದ ಸಚಿವರು ತಮ್ಮ ದೇಶಕ್ಕಾದ ನಷ್ಟವನ್ನು 850 ಕೋಟಿ ಪಾಕಿಸ್ತಾನಿ ರೂಪಾಯಿ ಎಂದರು. ಬಾಗಿಲು ಮುಚ್ಚಿದವನಿಗೂ ನಷ್ಟ, ಹೊರಗೆ ನಿಂತವನಿಗೂ ನಷ್ಟ.

ಅಲ್ಲಿಂದ ಆರು ವರ್ಷಗಳ ಬಳಿಕ, 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿಯ ಅಮಾನುಷ ಹತ್ಯೆ ನಡೆಯಿತು. ಅದನ್ನು ಯಾವ ನೆಪದಿಂದಲೂ ಸಮರ್ಥಿಸಲು ಸಾಧ್ಯವಿಲ್ಲ. ಅದರ ಬೆನ್ನಿಗೆ ಎರಡು ದೇಶಗಳ ನಡುವಿನ ಎಲ್ಲ ಬಾಗಿಲುಗಳೂ ಒಂದೊಂದಾಗಿ ಮುಚ್ಚಿದುವು. ಏಪ್ರಿಲ್ 24ರಂದು ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ, ಏಪ್ರಿಲ್ 30ರಂದು ಭಾರತವು ಪಾಕಿಸ್ತಾನಿ ವಿಮಾನಗಳಿಗೆ ಆಕಾಶವನ್ನು ಮುಚ್ಚಿದುವು. ಆ ವರ್ಷವಿಡೀ ತಿಂಗಳಿಂದ ತಿಂಗಳಿಗೆ ಈ ನಿಷೇಧವನ್ನು ವಿಸ್ತರಿಸುತ್ತಾ ಹೋಗಲಾಯಿತು. ಇದು ಒಂದು ವರ್ಷ ಮುಂದುವರಿದರೆ ಸುಮಾರು 60 ಕೋಟಿ ಡಾಲರ್ ಹೆಚ್ಚುವರಿ ಹೊರೆ ಬೀಳುವುದೆಂದು ಏರ್ ಇಂಡಿಯಾ ಸರಕಾರಕ್ಕೆ ತಿಳಿಸಿತು. ಎರಡು ತಿಂಗಳಲ್ಲೇ 410 ಕೋಟಿ ಪಾಕಿಸ್ತಾನಿ ರೂಪಾಯಿ ಆದಾಯ ಕೈತಪ್ಪಿತೆಂದು ಪಾಕಿಸ್ತಾನದ ಸಂಸತ್ತಿಗೆ ಅಲ್ಲಿನ ಸರಕಾರ ತಿಳಿಸಿತು. 2025ರ ಸೆಪ್ಟೆಂಬರಿನಿಂದ ದೆಹಲಿ ಮತ್ತು ವಾಷಿಂಗ್ಟನ್ ನಡುವಿನ ವಿಮಾನವನ್ನೇ ಏರ್ ಇಂಡಿಯಾ ನಿಲ್ಲಿಸಿತು. ವಿಮಾನಗಳ ಕೊರತೆಯ ಜೊತೆಗೆ ಮುಚ್ಚಿದ ಆಕಾಶವನ್ನೂ ಅದು ಕಾರಣವಾಗಿ ಹೇಳಿತು.

ಇನ್ನೊಂದು ನಗರದ ಉದಾಹರಣೆ ಇನ್ನಷ್ಟು ಚಿಂತನೀಯವಾಗಿದೆ. ಕಝಾಕಿಸ್ತಾನದ ಅಲ್ಮಾಟಿ ನಗರ ದೆಹಲಿಯ ನೇರ ಉತ್ತರಕ್ಕಿದೆ. ಅಂತರ ಸುಮಾರು 1,650 ಕಿ.ಮೀ. ದೆಹಲಿಯಿಂದ ಬೆಂಗಳೂರಿಗೆ ಆಕಾಶ ಮಾರ್ಗದಲ್ಲಿ ಸುಮಾರು 1,700 ಕಿ.ಮೀ. ಅಂದರೆ ದೆಹಲಿಗೆ ನಮ್ಮ ರಾಜಧಾನಿಗಿಂತ ಅಲ್ಮಾಟಿಯೇ ತುಸು ಹತ್ತಿರ. ಆದರೂ 2025ರ ಏಪ್ರಿಲ್ ಅಂತ್ಯದಲ್ಲಿ ಇಂಡಿಗೋ ತನ್ನ ಅಲ್ಮಾಟಿ ಮತ್ತು ತಾಷ್ಕೆಂಟ್ ವಿಮಾನಗಳನ್ನು ನಿಲ್ಲಿಸಬೇಕಾಯಿತು. ಪಾಕಿಸ್ತಾನವನ್ನು ಸುತ್ತಿ ಹೋದರೆ ತನ್ನ ವಿಮಾನಗಳಿಗೆ ಅಷ್ಟು ದೂರ ಹಾರಲು ಸಾಧ್ಯವಿಲ್ಲವೆಂದು ಸಂಸ್ಥೆ ತಿಳಿಸಿತು. ಬೆಂಗಳೂರಿಗಿಂತ ಹತ್ತಿರವಿರುವ ನಗರವೊಂದು ಕೈಗೆಟುಕದಷ್ಟು ದೂರವಾಯಿತು. ಪರ್ವತ ಬೆಳೆಯಲಿಲ್ಲ, ನದಿ ಉಕ್ಕಲಿಲ್ಲ. ಒಂದು ಆದೇಶಪತ್ರ ಸಾಕಾಯಿತು.

ಬೆಲೆ ತೆರುವವರು ಯಾರು?

ಸುತ್ತುದಾರಿ ಎಂದರೆ ಕೇವಲ ಒಂದೆರಡು ಗಂಟೆ ಹೆಚ್ಚು ಕುಳಿತುಕೊಳ್ಳುವುದು ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ದೊಡ್ಡ ವಿಮಾನವೊಂದು ಗಂಟೆಗೆ ಏಳು ಟನ್ನಿನ ಆಸುಪಾಸು ಇಂಧನವನ್ನು ಸುಡುತ್ತದೆ. ದೂರ ಹೆಚ್ಚಾದಂತೆ ಹೆಚ್ಚು ಇಂಧನ ಹೊರಬೇಕು. ಆ ಇಂಧನದ ಭಾರವನ್ನು ಹೊರಲು ಮತ್ತೂ ಇಂಧನ ಬೇಕು. ಭಾರ ಮಿತಿಮೀರದಂತೆ ಸರಕನ್ನು ಇಳಿಸಬೇಕು, ಕೆಲವು ಆಸನಗಳನ್ನು ಖಾಲಿ ಬಿಡಬೇಕು. ಪೈಲಟ್‌ಗಳ ದುಡಿಮೆಯ ಅವಧಿಗೆ ಕಾನೂನಿನ ಮಿತಿ ಇರುವುದರಿಂದ ಹೆಚ್ಚುವರಿ ಸಿಬ್ಬಂದಿ ಬೇಕು. ನಡುವೆ ಇಂಧನಕ್ಕಾಗಿ ಇಳಿದರೆ ಆ ನಿಲ್ದಾಣದ ಶುಲ್ಕ ಕಟ್ಟಬೇಕು. ಸುಟ್ಟ ಪ್ರತಿಯೊಂದು ಟನ್ ಇಂಧನಕ್ಕೆ ಮೂರು ಟನ್ನಿಗೂ ಹೆಚ್ಚು ಇಂಗಾಲಾಮ್ಲ ವಾತಾವರಣವನ್ನು ಸೇರುತ್ತದೆ. ಇವೆಲ್ಲದರ ಬಿಲ್ ಕೊನೆಗೆ ತಲುಪುವುದು ಟಿಕೆಟ್ ಕೊಳ್ಳುವವನಿಗೆ.

ಆಕಾಶ ಮುಚ್ಚುವ ಆದೇಶಕ್ಕೆ ಸಹಿ ಹಾಕುವವರು ವಿಶೇಷ ವಿಮಾನಗಳಲ್ಲಿ ಓಡಾಡುತ್ತಾರೆ. ಅವರ ಗಂಟೆಗಳಿಗೆ ಬೆಲೆ ಇದೆ. ಎರಡು ವರ್ಷಕ್ಕೊಮ್ಮೆ ಮೂವತ್ತು ದಿನಗಳ ರಜೆ ಪಡೆದು ಊರಿಗೆ ಹೊರಟ ಕೂಲಿಕಾರನ ಗಂಟೆಗಳಿಗೆ ಬೆಲೆ ಇಲ್ಲವೇ? ತಂದೆಯ ಜನಾಝಕ್ಕೆ ತಲುಪಲೇಬೇಕೆಂದು ಸಾಲ ಮಾಡಿ ಟಿಕೆಟ್ ಕೊಂಡ ಮಗನಿಗೆ ನಾಲ್ಕು ಗಂಟೆಯ ವಿಳಂಬವೆಂದರೆ ಏನೆಂದು ನಮ್ಮ ಪಟ್ಟಣಗಳ ಜನರಿಗೆ ಯಾರೂ ವಿವರಿಸಬೇಕಾಗಿಲ್ಲ. 2025ರ ಜೂನ್ 13ರಂದು ಇಸ್ರೇಲ್ ಇರಾನಿನ ಮೇಲೆ ದಾಳಿ ನಡೆಸಿದಾಗ ಇರಾನ್, ಇರಾಕ್, ಜೋರ್ಡಾನ್‌ಗಳ ಆಕಾಶ ಮುಚ್ಚಿತು. ಹತ್ತು ದಿನಗಳ ಬಳಿಕ ಕತಾರ್ ಕೂಡಾ ತನ್ನ ಆಕಾಶವನ್ನು ಕೆಲವು ಗಂಟೆಗಳ ಕಾಲ ಮುಚ್ಚಬೇಕಾಯಿತು. ಸಾವಿರಾರು ಮಂದಿ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದರು. ಯುದ್ಧದ ನಿರ್ಧಾರ ಕೈಗೊಂಡವರಾರೂ ಆ ಸಾಲಿನಲ್ಲಿ ನಿಂತಿರಲಿಲ್ಲ.

ಈ ವಿಷಯದಲ್ಲಿ ಇತರರತ್ತ ಬೊಟ್ಟು ಮಾಡುವ ಮೊದಲು ಮುಸ್ಲಿಮ್ ರಾಷ್ಟ್ರಗಳ ವರ್ತನೆಯನ್ನೂ ನಾವು ನಿಷ್ಪಕ್ಷಪಾತವಾಗಿ ನೋಡಬೇಕಾಗಿದೆ. 2017ರ ಜೂನ್ 5ರಂದು ಸೌದಿ ಅರೇಬಿಯಾ, ಯುಎಇ, ಬಹ್ರೈನ್ ಮತ್ತು ಈಜಿಪ್ಟ್ ದೇಶಗಳು ಕತಾರಿನೊಂದಿಗೆ ಸಂಬಂಧ ಕಡಿದು ತಮ್ಮ ಆಕಾಶವನ್ನು ಅದಕ್ಕೆ ಮುಚ್ಚಿದುವು. ಆ ತಿಂಗಳು ರಮಝಾನ್ ಆಗಿತ್ತು. ದೋಹಾ ಮತ್ತು ದುಬೈ ನಡುವಿನ ಅಂತರ ಸುಮಾರು 380 ಕಿ.ಮೀ., ವಿಮಾನದಲ್ಲಿ ಒಂದು ಗಂಟೆಯ ದಾರಿ. ದಿಗ್ಬಂಧನದ ಬಳಿಕ ಅಲ್ಲಿಂದ ಇಲ್ಲಿಗೆ ಹೋಗಬೇಕಾದವರು ಮಸ್ಕತ್ ಅಥವಾ ಕುವೈತಿಗೆ ಹೋಗಿ, ಅಲ್ಲಿ ಕಾದು, ಬೇರೆ ವಿಮಾನ ಹಿಡಿಯಬೇಕಾಯಿತು. ಒಂದು ಗಂಟೆಯ ಪ್ರಯಾಣಕ್ಕೆ ಅರ್ಧ ದಿನ. ಅಣ್ಣ ದೋಹಾದಲ್ಲಿ, ತಮ್ಮ ದುಬೈಯಲ್ಲಿ ಇದ್ದ ಎಷ್ಟೋ ಕುಟುಂಬಗಳು ಮೂರೂವರೆ ವರ್ಷ ಇದನ್ನು ಅನುಭವಿಸಿದುವು. ಒಂದೇ ಭಾಷೆ, ಒಂದೇ ಧರ್ಮ, ಪರಸ್ಪರ ರಕ್ತಸಂಬಂಧ ಇರುವವರೇ ಹೀಗೆ ಮಾಡಬಹುದಾದರೆ ಉಳಿದವರಿಗೆ ಬುದ್ಧಿ ಹೇಳುವ ನೈತಿಕತೆ ಎಲ್ಲಿಂದ ಬರಬೇಕು?

ಆಕಾಶವು ಎಲ್ಲರಿಗೂ ಒಂದೇ ರೀತಿಯಲ್ಲಿ ಮುಚ್ಚುವುದೂ ಇಲ್ಲ, ತೆರೆಯುವುದೂ ಇಲ್ಲ. 2018ರ ಮಾರ್ಚಿನಲ್ಲಿ ದೆಹಲಿಯಿಂದ ಟೆಲ್ ಅವೀವಿಗೆ ಹೊರಟ ಏರ್ ಇಂಡಿಯಾ ವಿಮಾನ ಸೌದಿ ಅರೇಬಿಯಾದ ಮೇಲಿನಿಂದ ಹಾರಿತು. ಇಸ್ರೇಲಿಗೆ ಹೋಗುವ ವಿಮಾನಗಳಿಗೆ ಏಳು ದಶಕಗಳ ಕಾಲ ಇದ್ದ ನಿಷೇಧ ಅಂದು ಸಡಿಲವಾಯಿತು. ಪ್ರಯಾಣದಲ್ಲಿ ಸುಮಾರು ಎರಡು ಗಂಟೆ ಉಳಿಯಿತು. 2022ರ ಜುಲೈಯಲ್ಲಿ ಸೌದಿ ತನ್ನ ಆಕಾಶವನ್ನು ಎಲ್ಲ ನಾಗರಿಕ ವಿಮಾನಗಳಿಗೂ ತೆರೆಯಿತು. ಪ್ರಯಾಣಿಕರಿಗೆ ದಾರಿ ಹತ್ತಿರವಾದುದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಅದೇ ನೆಲದ ಇನ್ನೊಂದು ಜನತೆಯ ಸ್ಥಿತಿಯನ್ನು ಮರೆಯುವುದು ಸಾಧ್ಯವೇ? ಗಾಝಾದಲ್ಲೂ ಒಂದು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವಿತ್ತು. 1998ರಲ್ಲಿ ಅದು ಆರಂಭವಾಯಿತು. 2001ರ ಡಿಸೆಂಬರ್ ಮತ್ತು 2002ರ ಜನವರಿಯಲ್ಲಿ ಇಸ್ರೇಲ್ ಅದರ ರಾಡಾರನ್ನೂ ರನ್‌ವೇಯನ್ನೂ ನಾಶಪಡಿಸಿತು. ಆ ಬಳಿಕ ಗಾಝಾದ ಜನರಿಗೆ ವಿಮಾನ ನಿಲ್ದಾಣವೇ ಇಲ್ಲ. ಪಶ್ಚಿಮ ದಂಡೆಯ ಫೆಲೆಸ್ತೀನಿಯರಿಗೆ ತೀರಾ ಸಮೀಪದಲ್ಲಿರುವುದು ಟೆಲ್ ಅವೀವಿನ ನಿಲ್ದಾಣ. ಆದರೆ ವಿಶೇಷ ಪರವಾನಿಗೆ ಇಲ್ಲದ ಸಾಮಾನ್ಯನು ಗಡಿ ದಾಟಿ ಜೋರ್ಡಾನಿನ ಅಮ್ಮಾನಿಗೆ ಹೋಗಿಯೇ ವಿಮಾನ ಹತ್ತಬೇಕು. ಕೆಲವರಿಗೆ ಎರಡು ಗಂಟೆ ಉಳಿಸಲು ಒಪ್ಪಂದಗಳಾಗುತ್ತವೆ, ಇನ್ನು ಕೆಲವರ ಪಾಲಿಗೆ ಪ್ರಯಾಣವೆಂಬುದೇ ನಿಷಿದ್ಧವಾಗುತ್ತದೆ.

ಸುರಕ್ಷತೆಯ ವಾದ

ಆಕಾಶವನ್ನು ಮುಚ್ಚುವುದು ಸುರಕ್ಷತೆಗಾಗಿ ಎಂಬ ವಾದವನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಆಕಾಶವನ್ನು ಹೊಕ್ಕ ಕೊರಿಯದ ವಿಮಾನವನ್ನು ಸೋವಿಯತ್ ಯುದ್ಧ ವಿಮಾನ ಹೊಡೆದುರುಳಿಸಿತು. 269 ಮಂದಿ ಸತ್ತರು. 1988ರ ಜುಲೈ 3ರಂದು ಬಂದರ್ ಅಬ್ಬಾಸಿನಿಂದ ದುಬೈಗೆ ಹೊರಟಿದ್ದ ಇರಾನಿನ ವಿಮಾನವನ್ನು ಅಮೇರಿಕದ ಯುದ್ಧನೌಕೆ ಹೊಡೆದುರುಳಿಸಿತು. ಕೊಲ್ಲಿಯನ್ನು ದಾಟುವ ಅರ್ಧ ಗಂಟೆಯ ಆ ಪ್ರಯಾಣದಲ್ಲಿ 290 ಮಂದಿ ಪ್ರಾಣ ತೆತ್ತರು. 2014ರ ಜುಲೈ 17ರಂದು ಆಮ್‌ಸ್ಟರ್‌ಡ್ಯಾಮಿನಿಂದ ಕೌಲಾಲಂಪುರಕ್ಕೆ ಹೊರಟಿದ್ದ ಮಲೇಶ್ಯದ ವಿಮಾನ ಪೂರ್ವ ಯುಕ್ರೇನಿನ ಮೇಲೆ ಕ್ಷಿಪಣಿಗೆ ಬಲಿಯಾಯಿತು. 298 ಮಂದಿ ಅಸುನೀಗಿದರು. ಅಲ್ಲಿ 32,000 ಅಡಿಗಿಂತ ಕೆಳಗಿನ ಆಕಾಶವನ್ನು ಮುಚ್ಚಲಾಗಿತ್ತು. ವಿಮಾನ 33,000 ಅಡಿ ಎತ್ತರದಲ್ಲಿತ್ತು. ಇಡೀ ಆಕಾಶವನ್ನು ಮುಚ್ಚಲು ಯುಕ್ರೇನಿಗೆ ಸಾಕಷ್ಟು ಕಾರಣಗಳಿದ್ದುವು ಎಂದು ನೆದರ್‌ಲೆಂಡಿನ ತನಿಖಾ ಮಂಡಳಿ ಆ ಬಳಿಕ ಹೇಳಿತು. 2020ರ ಜನವರಿ 8ರಂದು ತೆಹ್ರಾನಿನಿಂದ ಮೇಲೇರಿದ ಯುಕ್ರೇನಿನ ವಿಮಾನವನ್ನು ಇರಾನಿನ ಸೇನೆಯೇ ಹೊಡೆದುರುಳಿಸಿತು. 176 ಮಂದಿ ಮಡಿದರು. ಮುಚ್ಚಬೇಕಾಗಿದ್ದ ಆಕಾಶವನ್ನು ಮುಚ್ಚದೆ ಬಿಟ್ಟುದರ ಬೆಲೆ ಇದು. ಇಂಥ ಕಡೆ ಎರಡು ಗಂಟೆ ಸುತ್ತಿ ಹೋಗುವುದು ಕಷ್ಟವಲ್ಲ, ಅನುಗ್ರಹ.

ಹಾಗಿದ್ದರೆ ಸುರಕ್ಷತೆ ಯಾವುದು, ಸೇಡು ಯಾವುದು ಎಂದು ತಿಳಿಯುವುದು ಹೇಗೆ? ಇದಕ್ಕೆ ಉತ್ತರ ಚಿಕಾಗೋ ಒಪ್ಪಂದದಲ್ಲಿಯೇ ಇದೆ. ಸೇನಾ ಅಗತ್ಯಕ್ಕಾಗಿ ಅಥವಾ ಜನರ ಸುರಕ್ಷತೆಗಾಗಿ ಒಂದು ರಾಷ್ಟ್ರವು ತನ್ನ ಆಕಾಶವನ್ನು ನಿರ್ಬಂಧಿಸಬಹುದು, ಆದರೆ ಯಾವ ದೇಶದ ವಿಮಾನ ಎಂಬ ಭೇದ ಮಾಡಬಾರದು ಎಂದು ಅದರ 9ನೇ ವಿಧಿ ಹೇಳುತ್ತದೆ. ಎಷ್ಟು ಸರಳವಾದ ಮಾನದಂಡ! ಕ್ಷಿಪಣಿಗೆ ವಿಮಾನದ ಬಾಲದ ಮೇಲಿನ ಧ್ವಜ ಕಾಣಿಸುವುದಿಲ್ಲ. ಅಪಾಯವಿದ್ದರೆ ಎಲ್ಲರಿಗೂ ಇದೆ. ಒಂದು ದೇಶದ ವಿಮಾನಗಳನ್ನು ತಡೆದು ಉಳಿದೆಲ್ಲರ ವಿಮಾನಗಳನ್ನು ಬಿಡುವುದಾದರೆ ಅಲ್ಲಿ ಸುರಕ್ಷತೆಯ ಮಾತಿಗೆ ಅರ್ಥವಿಲ್ಲ. 2025ರಲ್ಲಿ ದೆಹಲಿಯಿಂದ ಯುರೋಪಿಗೆ ಹೊರಟ ವಿದೇಶಿ ಸಂಸ್ಥೆಯ ವಿಮಾನಕ್ಕೆ ಪಾಕಿಸ್ತಾನದ ಆಕಾಶ ತೆರೆದಿತ್ತು. ಅದೇ ನಿಲ್ದಾಣದಿಂದ ಅದೇ ನಗರಕ್ಕೆ ಹೊರಟ ಭಾರತೀಯ ಸಂಸ್ಥೆಯ ವಿಮಾನಕ್ಕೆ ಮುಚ್ಚಿತ್ತು. 2022ರ ಬಳಿಕ ಅಮೇರಿಕದ ಸಂಸ್ಥೆಗಳಿಗೆ ರಷ್ಯದ ಆಕಾಶ ಮುಚ್ಚಿದಾಗ ಏರ್ ಇಂಡಿಯಾ ಅಲ್ಲಿಂದಲೇ ಅಮೇರಿಕಕ್ಕೆ ಹಾರುತ್ತಿತ್ತು. ಆ ವರ್ಷ ಸಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ವಿಮಾನ ಆರಂಭಿಸಬೇಕಿದ್ದ ಯುನೈಟೆಡ್ ಸಂಸ್ಥೆ ಅದನ್ನು ಮುಂದೂಡಿತು. ಎರಡು ನಗರಗಳ ನಡುವಿನ ದೂರ ಧ್ವಜವನ್ನು ನೋಡಿ ಬದಲಾಗುವುದಾದರೆ ಅದನ್ನು ದೂರ ಎನ್ನಬೇಕೇ, ದಂಡ ಎನ್ನಬೇಕೇ?

ಯುದ್ಧ ಮತ್ತು ಘೋಷಿತ ತುರ್ತು ಪರಿಸ್ಥಿತಿಯಲ್ಲಿ ರಾಷ್ಟ್ರಗಳನ್ನು ಈ ಒಪ್ಪಂದ ಕಟ್ಟಿಹಾಕುವುದಿಲ್ಲ ಎಂಬುದು ನಿಜ. ಆದರೆ ಗುಂಡಿನ ಸದ್ದು ನಿಂತು ತಿಂಗಳುಗಳು ಕಳೆದರೂ ಆಕಾಶದ ಬಾಗಿಲು ಮುಚ್ಚಿಯೇ ಇರುವುದನ್ನು ಯಾವ ತುರ್ತು ಎಂದು ಕರೆಯಬೇಕು?

ಆಗಬೇಕಾದುದು

ಈ ಹಿನ್ನೆಲೆಯಲ್ಲಿ ನಾವು ಕೆಲವು ಮಾತುಗಳನ್ನು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಮೊದಲನೆಯದಾಗಿ, ರಾಷ್ಟ್ರಗಳು ತಮ್ಮ ಪ್ರತೀಕಾರದ ಪಟ್ಟಿಯಿಂದ ನಾಗರಿಕ ವಿಮಾನಗಳ ಹಾದುಹೋಗುವ ಹಕ್ಕನ್ನು ಹೊರಗಿಡಬೇಕು. ರಾಯಭಾರಿಗಳನ್ನು ಹಿಂದಕ್ಕೆ ಕರೆಸಿಕೊಳ್ಳುವುದು, ಮಾತುಕತೆ ನಿಲ್ಲಿಸುವುದು ಸರಕಾರಗಳ ನಡುವಿನ ಸಂಗತಿ. ಆಕಾಶದ ದಾರಿ ಸಾರ್ವಜನಿಕ ದಾರಿ. ಊರಿನ ಎರಡು ಮನೆಗಳ ನಡುವೆ ಜಗಳವಾದಾಗ ಬೀದಿಗೆ ಮುಳ್ಳು ಹಾಕುವವನನ್ನು ನಾವು ಶೂರನೆಂದು ಕರೆಯುವುದಿಲ್ಲ.

ಎರಡನೆಯದಾಗಿ, ಮುಚ್ಚಲೇಬೇಕಾದ ಸಂದರ್ಭ ಬಂದರೆ ಅದರ ಅವಧಿ, ಕಾರಣ ಮತ್ತು ವೆಚ್ಚವನ್ನು ಸರಕಾರವು ಪ್ರತಿ ವಿಸ್ತರಣೆಯ ಸಂದರ್ಭದಲ್ಲಿ ಸಂಸತ್ತಿನ ಮುಂದಿಡಬೇಕು. ತಿಂಗಳಿಗೊಮ್ಮೆ ಒಂದು ಸಾಲಿನ ಪ್ರಕಟಣೆ ಹೊರಡಿಸಿ ಕೈತೊಳೆದುಕೊಳ್ಳುವುದು ಪ್ರಜಾಪ್ರಭುತ್ವಕ್ಕೆ ತಕ್ಕುದಲ್ಲ.

ಮೂರನೆಯದಾಗಿ, ಪ್ರಯಾಣಿಕನ ಹಕ್ಕು. 2025ರ ಏಪ್ರಿಲಿನಲ್ಲಿ ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯವು ದಾರಿ ದೀರ್ಘವಾಗುವುದನ್ನು ಪ್ರಯಾಣಿಕರಿಗೆ ಮೊದಲೇ ತಿಳಿಸಬೇಕು, ಸಾಕಷ್ಟು ಊಟ ನೀರಿನ ವ್ಯವಸ್ಥೆ ಮಾಡಬೇಕು ಎಂದು ಸಂಸ್ಥೆಗಳಿಗೆ ಸೂಚಿಸಿತು. ಅದು ಸ್ವಾಗತಾರ್ಹ. ಆದರೆ ಅಷ್ಟು ಸಾಲದು. ಪ್ರಯಾಣದ ಅವಧಿ ಗಣನೀಯವಾಗಿ ಹೆಚ್ಚಿದಾಗ ದಂಡವಿಲ್ಲದೆ ಟಿಕೆಟ್ ರದ್ದುಪಡಿಸುವ, ಪೂರ್ಣ ಹಣ ಮರಳಿ ಪಡೆಯುವ ಹಕ್ಕು ಕಾನೂನಿನ ರೂಪದಲ್ಲಿ ಇರಬೇಕು. ಆಕಸ್ಮಿಕ ಮರಣ ಅಥವಾ ತೀವ್ರ ಅನಾರೋಗ್ಯದ ನಿಮಿತ್ತ ಊರಿಗೆ ಹೊರಡುವ ದುಡಿಮೆಗಾರರಿಗೆ ಇಂಥ ದಿನಗಳಲ್ಲಿ ದರ ಏರಿಸದೆ ಆಸನ ಕಾದಿರಿಸುವ ಕ್ರಮವೂ ಬೇಕು.

ಕೊನೆಯದಾಗಿ, ನಮ್ಮದೇ ಮನೋಭಾವ. ಶತ್ರುವಿಗೆ ಆಕಾಶ ಮುಚ್ಚಿತು ಎಂಬ ಸುದ್ದಿ ಬಂದಾಗ ಟಿ.ವಿ. ಪರದೆಯ ಮೇಲೆ ಅದು ವಿಜಯವಾಗಿ ಮೆರೆಯುತ್ತದೆ. ಗಡಿಯ ಎರಡೂ ಕಡೆಗಳಲ್ಲಿ ಚಪ್ಪಾಳೆ ಕೇಳಿಸುತ್ತದೆ. ಚಪ್ಪಾಳೆ ತಟ್ಟುವವರ ಮನೆಯ ಮಕ್ಕಳೇ ಮರುದಿನ ಆ ಸುತ್ತುದಾರಿಯ ವಿಮಾನದಲ್ಲಿ ಕುಳಿತಿರುತ್ತಾರೆ. ಇನ್ನೊಬ್ಬನ ದಾರಿಗೆ ಅಡ್ಡ ಬಿದ್ದ ಬೇಲಿಯನ್ನು ಕಂಡು ಸಂತೋಷಪಡುವ ಸಮಾಜವು ತನ್ನ ದಾರಿಗೆ ಬೇಲಿ ಬಿದ್ದಾಗ ಯಾರ ಬಳಿ ದೂರು ಕೊಡಬಲ್ಲುದು?

ನಿರಾಶರಾಗಬೇಕಾದ ಅಗತ್ಯವಿಲ್ಲ. ಬಿದ್ದ ಬೇಲಿಗಳನ್ನು ಕಿತ್ತ ಉದಾಹರಣೆಗಳೂ ಇವೆ. 1983ರ ಕೊರಿಯನ್ ವಿಮಾನದ ದುರಂತದ ಬಳಿಕ, ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ಶಸ್ತ್ರ ಬಳಸಬಾರದೆಂಬ ವಿಧಿಯನ್ನು ಚಿಕಾಗೋ ಒಪ್ಪಂದಕ್ಕೆ ಸೇರಿಸಲು 1984ರಲ್ಲಿ ರಾಷ್ಟ್ರಗಳು ಒಮ್ಮತದಿಂದ ನಿರ್ಧರಿಸಿದುವು. ಅದೇ ದುರಂತದ ಹಿನ್ನೆಲೆಯಲ್ಲಿ ಅಮೇರಿಕವು ತನ್ನ ಸೇನೆಯ ಜಿಪಿಎಸ್ ವ್ಯವಸ್ಥೆಯನ್ನು ನಾಗರಿಕರ ಬಳಕೆಗೂ ಒದಗಿಸುವುದಾಗಿ ಘೋಷಿಸಿತು. ಕತಾರಿನ ದಿಗ್ಬಂಧನವು 2021ರ ಜನವರಿ 5ರಂದು ಅಲ್ ಉಲಾದಲ್ಲಿ ನಡೆದ ಒಪ್ಪಂದದೊಂದಿಗೆ ಕೊನೆಗೊಂಡಿತು. ಎರಡೇ ದಿನಗಳಲ್ಲಿ ಕತಾರಿನ ವಿಮಾನ ಸೌದಿಯ ಮೇಲಿನಿಂದ ಹಾರಿತು. ಮೂರೂವರೆ ವರ್ಷ ಅಸಾಧ್ಯವೆನಿಸಿದ್ದು ಎರಡು ದಿನಗಳಲ್ಲಿ ಸಾಧ್ಯವಾಯಿತು. ಅದಕ್ಕೆ ಹೊಸ ವಿಮಾನವಾಗಲಿ, ಹೊಸ ತಂತ್ರಜ್ಞಾನವಾಗಲಿ ಬೇಕಾಗಲಿಲ್ಲ. ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುವ ಮನಸ್ಸು ಬೇಕಾಗಿತ್ತು.

ದೆಹಲಿಯಿಂದ ಅಲ್ಮಾಟಿಗೆ ಇರುವ 1,650 ಕಿ.ಮೀ.ಯನ್ನು ಯಾರೂ ಕಡಿಮೆ ಮಾಡಬೇಕಾಗಿಲ್ಲ. ಅದರ ಮೇಲೆ ಮನುಷ್ಯರು ಹೇರಿದ ಹೆಚ್ಚುವರಿ ದೂರವನ್ನು ಹಿಂದಕ್ಕೆ ಪಡೆದರೆ ಸಾಕು. ಹೇರಿದವರಿಗೆ ಅದನ್ನು ಇಳಿಸಲೂ ಗೊತ್ತಿದೆ. ಇಳಿಸಿ ಎಂದು ಕೇಳುವವರು ಎರಡೂ ಕಡೆಗಳಲ್ಲಿ ಹೆಚ್ಚಬೇಕಾಗಿದೆ, ಅಷ್ಟೆ.